ಬೇಲೂರಿಗೆ ಎಷ್ಟು ದಿನ? ಏಳು ದಿನ ತಪ್ಪಿಸಿಕೊಂಡ ಲೆಕ್ಕ

ಇವತ್ತಿನ ಸಂಚಿಕೆಗೆ ಒಂದೇ ಪ್ರಶ್ನೆ. ಬೇಲೂರಿನ ಚೆನ್ನಕೇಶವ ದೇವರ ಪ್ರತಿಷ್ಠೆ ಆಗಿ ಎಷ್ಟು ದಿನ ಆಯ್ತು? ಎಷ್ಟು ವರ್ಷ ಅಂತ ಕೇಳ್ತಿಲ್ಲ, ಎಷ್ಟು ದಿನ ಅಂತ ಕೇಳ್ತಿದ್ದೀನಿ. ಕೈಯಲ್ಲಿ ಫೋನ್ ಇದೆ, ಎರಡು ದಿನಾಂಕ ಹಾಕಿದ್ರೆ ಮುಗೀತು ಅಂತ ಅನ್ಸುತ್ತೆ. ಮುಗಿಯಲ್ಲ. ಎರಡು ಬೇರೆ ಬೇರೆ ಪ್ರೋಗ್ರಾಂಗಳನ್ನ ಕೇಳಿದ್ರೆ ಎರಡು ಉತ್ತರ ಬರುತ್ತೆ. ಎರಡಕ್ಕೂ ಸರಿಯಾಗಿ ಏಳು ದಿನದ ವ್ಯತ್ಯಾಸ. ಆ ಏಳು ದಿನ ಎಲ್ಲಿಂದ ಬಂತು, ಮತ್ತೆ ಅದು ಯಾಕೆ ಯಾರ ಕಣ್ಣಿಗೂ ಸುಲಭವಾಗಿ ಬೀಳಲ್ಲ ಅನ್ನೋದೇ ಇವತ್ತಿನ ಕಥೆ.

ಮೊದಲು ಕಲ್ಲು ಏನು ಹೇಳುತ್ತೆ ನೋಡೋಣ. ಹೊಯ್ಸಳ ದೊರೆ ವಿಷ್ಣುವರ್ಧನ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ ಮಾಡಿಸಿದ್ದಕ್ಕೆ ದೇವಸ್ಥಾನದಲ್ಲೇ ಶಾಸನ ಇದೆ. ಅದರಲ್ಲಿರೋ ಕಾಲ: ಶಕ ವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. ನಮ್ಮ ಶಾಸನಗಳ ಒಂದು ದೊಡ್ಡ ಗುಣ ಅಂದ್ರೆ ಒಂದೇ ದಿನವನ್ನ ಮೂರು ನಾಲ್ಕು ರೀತಿಯಲ್ಲಿ ಹೇಳಿರ್ತವೆ. ಶಕ ವರ್ಷ ಒಂದು ಗುರುತು, ಸಂವತ್ಸರದ ಹೆಸರು ಇನ್ನೊಂದು, ತಿಥಿ ಮತ್ತೊಂದು. ಎಷ್ಟೋ ಶಾಸನಗಳಲ್ಲಿ ಇದರ ಜೊತೆಗೆ ವಾರವೂ ಇರುತ್ತೆ.

ಇಷ್ಟೊಂದು ಗುರುತು ಯಾಕೆ ಬೇಕು? ಶಕ ವರ್ಷಕ್ಕೆ 78 ಕೂಡಿಸಿದ್ರೆ ಕ್ರಿಸ್ತಶಕ ಸಿಗುತ್ತೆ ಅಂತ ಶಾಲೆಯಲ್ಲಿ ಓದಿದ್ದೀವಿ. 1039ಕ್ಕೆ 78 ಕೂಡಿಸಿದ್ರೆ 1117. ಆದ್ರೆ ಒಂದು ತೊಡಕಿದೆ. ಬರೆದವರು ಎಣಿಸಿದ್ದು ಮುಗಿದು ಹೋದ ವರ್ಷಗಳನ್ನೋ, ನಡೀತಾ ಇರೋ ವರ್ಷವನ್ನೋ? ಪಂಚಾಂಗದ ಮಾತಿನಲ್ಲಿ ಹೇಳೋದಾದ್ರೆ ಗತ ವರ್ಷವೋ, ವರ್ತಮಾನ ವರ್ಷವೋ? ಮಗುವಿಗೆ ಇಪ್ಪತ್ತು ತುಂಬಿದೆ ಅನ್ನೋದಕ್ಕೂ ಇಪ್ಪತ್ತೊಂದು ನಡೀತಿದೆ ಅನ್ನೋದಕ್ಕೂ ಇರೋ ವ್ಯತ್ಯಾಸವೇ ಇದು. ವರ್ತಮಾನ ಅಂತ ಇಟ್ಕೊಂಡ್ರೆ ಪ್ರತಿಷ್ಠೆ 1116ಕ್ಕೆ ಹೋಗುತ್ತೆ. ಪ್ರೋಗ್ರಾಮರ್‌ಗಳು ಇದನ್ನ ಆಫ್ ಬೈ ಒನ್ ಅಂತಾರೆ, ಒಂದರಿಂದ ತಪ್ಪೋದು.

ಇಲ್ಲಿ ಸಂವತ್ಸರದ ಹೆಸರು ಕೈ ಹಿಡಿಯುತ್ತೆ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಪ್ರಭವ ಮೊದಲನೇದು, ಹೇವಿಳಂಬಿ ಮೂವತ್ತೊಂದನೇದು. ಇತ್ತೀಚಿನ ಪ್ರಭವ 1987ರ ಯುಗಾದಿಗೆ ಶುರುವಾಯ್ತು. ಹಾಗಾಗಿ ಇತ್ತೀಚಿನ ಹೇವಿಳಂಬಿ 2017ರ ಯುಗಾದಿಗೆ ಬಂತು. ಅಲ್ಲಿಂದ ಅರವತ್ತರವತ್ತು ವರ್ಷ ಹಿಂದೆ ಹೋಗ್ತಾ ಇರಿ. ಹದಿನೈದು ಸಲ ಹೋದ್ರೆ, ಅಂದ್ರೆ 900 ವರ್ಷ ಹಿಂದೆ ಹೋದ್ರೆ, ಸೀದಾ 1117ಕ್ಕೆ ಬಂದು ನಿಲ್ತೀವಿ. 1116ರಲ್ಲಿ ಶುರುವಾದದ್ದು ದುರ್ಮುಖಿ, ಹೇವಿಳಂಬಿ ಅಲ್ಲ. ಅಲ್ಲಿಗೆ 1039 ಅನ್ನೋದು ಗತ ವರ್ಷ ಅಂತ ಖಚಿತ ಆಯ್ತು. ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಚೆಕ್‌ಸಮ್ ಅಂತಾರೆ. ಮಾಹಿತಿಯ ಜೊತೆಗೇ ಅದನ್ನ ತಾಳೆ ನೋಡೋ ಇನ್ನೊಂದು ಮಾಹಿತಿ ಕಳಿಸೋದು.

ಈ ತಾಳೆ ನೋಡೋ ಕೆಲಸವನ್ನ ಕೈಯಲ್ಲೇ ಮಾಡಿದವರಿದ್ದಾರೆ. ಮೈಸೂರು ಸಂಸ್ಥಾನದ ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದ್ರು. ಅದಕ್ಕೂ ಮುಂಚೆ, 1896ರಲ್ಲಿ, ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ ಸೇರಿ ಭಾರತೀಯ ಪಂಚಾಂಗದ ಮೇಲೆ ಒಂದು ದೊಡ್ಡ ಪುಸ್ತಕ ತಂದ್ರು. ಪುಟಗಟ್ಟಲೆ ಕೋಷ್ಟಕಗಳು. ಶಾಸನದ ತಿಥಿ ಹಿಡ್ಕೊಂಡು ಕೋಷ್ಟಕ ನೋಡಿ, ಕೂಡಿ ಕಳೆದು, ಇಂಗ್ಲಿಷ್ ತಾರೀಖು ಕಂಡುಹಿಡೀಬಹುದು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಇಂಡಿಯನ್ ಎಫೆಮೆರಿಸ್ ಬಂದ ಮೇಲೆ ಈ ಕೆಲಸ ಇನ್ನೂ ಸಲೀಸಾಯ್ತು. ಇವೆಲ್ಲ ಒಂದು ಲೆಕ್ಕದಲ್ಲಿ ಕಾಗದದ ಮೇಲಿನ ಪ್ರೋಗ್ರಾಂಗಳೇ.

ಹೀಗೆ ಲೆಕ್ಕ ಹಾಕಿದ ಮೇಲೆ ಬೇಲೂರಿನ ಪ್ರತಿಷ್ಠೆಗೆ ಇತಿಹಾಸಕಾರರು ಕೊಡೋ ತಾರೀಖು 1117ರ ಮಾರ್ಚ್ 10. ಅವತ್ತು ಶನಿವಾರ.

ಸರಿ, ಈಗ ಕಂಪ್ಯೂಟರ್ ಕಡೆ ಬರೋಣ. ಆ ದೇವಸ್ಥಾನಕ್ಕೆ 900 ತುಂಬಿದ ವರ್ಷವನ್ನೇ ತಗೊಳ್ಳೋಣ. 1117ರ ಮಾರ್ಚ್ 10ರಿಂದ 2017ರ ಮಾರ್ಚ್ 10ಕ್ಕೆ ಎಷ್ಟು ದಿನ? ಪೈಥಾನ್ ಹೇಳೋದು 3,28,719. ಜಾವಾ ಭಾಷೆಯಲ್ಲಿ ಹಳೇ ಗ್ರೆಗೋರಿಯನ್ ಕ್ಯಾಲೆಂಡರ್ ಅನ್ನೋ ಕ್ಲಾಸ್ ಬಳಸಿದ್ರೆ 3,28,712. ಅದೇ ಜಾವಾದಲ್ಲಿ 2014ರಲ್ಲಿ ಬಂದ ಎಂಟನೇ ಆವೃತ್ತಿಯ ಹೊಸ ಲೈಬ್ರರಿ ಬಳಸಿದ್ರೆ ಮತ್ತೆ 3,28,719. ಭಾಷೆ ಒಂದೇ, ಪ್ರಶ್ನೆ ಒಂದೇ, ಉತ್ತರ ಮಾತ್ರ ಎರಡು. ಇದರಲ್ಲಿ ಯಾವುದು ಸರಿ?

ಇದಕ್ಕೆ ಉತ್ತರ ಬೇಕಂದ್ರೆ ಯುರೋಪಿಗೆ ಒಂದು ಸುತ್ತು ಹೋಗಿ ಬರಬೇಕು. ಜೂಲಿಯಸ್ ಸೀಸರ್ ಹೆಸರಿನ ಜೂಲಿಯನ್ ಕ್ಯಾಲೆಂಡರಿನಲ್ಲಿ ಪ್ರತಿ ನಾಲ್ಕು ವರ್ಷಕ್ಕೆ ಒಂದು ಅಧಿಕ ದಿನ, ಯಾವ ವಿನಾಯಿತಿಯೂ ಇಲ್ಲ. ಅದು ಸ್ವಲ್ಪ ಜಾಸ್ತಿಯಾಯ್ತು. ಶತಮಾನಗಳು ಕಳೆದಂತೆ ಕ್ಯಾಲೆಂಡರ್ ಸೂರ್ಯನಿಂದ ಹಿಂದೆ ಬಿತ್ತು. 1582ರಲ್ಲಿ ಪೋಪ್ 13ನೇ ಗ್ರೆಗೊರಿ ಅದನ್ನ ಸರಿಮಾಡಿಸಿದ್ರು. ಆ ವರ್ಷ ಅಕ್ಟೋಬರ್ 4 ಗುರುವಾರ. ಮಾರನೇ ದಿನ ಶುಕ್ರವಾರ, ಆದ್ರೆ ತಾರೀಖು 15. ಹತ್ತು ತಾರೀಖು ಮಾಯ. ಬ್ರಿಟನ್ ಇದನ್ನ ಒಪ್ಪಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮಾರನೇ ದಿನ ಸೆಪ್ಟೆಂಬರ್ 14. ಒಂದು ವಿಷಯ ಗಮನಿಸಿ. ತಾರೀಖು ಹಾರಿತು, ಆದ್ರೆ ವಾರ ಹಾರಲಿಲ್ಲ. ಗುರುವಾರದ ಮೇಲೆ ಶುಕ್ರವಾರವೇ ಬಂತು. ಈ ಮಾತು ಮುಂದೆ ಬೇಕಾಗುತ್ತೆ.

ಇತಿಹಾಸಕಾರರ ಪದ್ಧತಿ ಏನಂದ್ರೆ 1582ಕ್ಕಿಂತ ಹಿಂದಿನ ತಾರೀಖುಗಳನ್ನ ಜೂಲಿಯನ್ ಕ್ಯಾಲೆಂಡರಿನಲ್ಲೇ ಬರೀತಾರೆ. ಸೀವೆಲ್ ಮತ್ತು ದೀಕ್ಷಿತರ ಕೋಷ್ಟಕದಲ್ಲೂ ಹಾಗೇ. ಹಾಗಾಗಿ ಬೇಲೂರಿನ ಮಾರ್ಚ್ 10 ಅನ್ನೋದು ಜೂಲಿಯನ್ ಮಾರ್ಚ್ 10. ಪೈಥಾನ್ ಮಾತ್ರ ಈಗಿನ ಗ್ರೆಗೋರಿಯನ್ ನಿಯಮವನ್ನೇ ಒಂದನೇ ಇಸವಿಯವರೆಗೂ ಹಿಂದಕ್ಕೆ ಎಳ್ಕೊಂಡು ಹೋಗುತ್ತೆ. ಪೋಪ್ ಗ್ರೆಗೊರಿ ಹುಟ್ಟೋದಕ್ಕೆ ಶತಮಾನಗಳ ಮುಂಚೆಯೂ ಆ ಕ್ಯಾಲೆಂಡರ್ ಇತ್ತು ಅಂತಲೇ ಅದರ ಲೆಕ್ಕ. ಜಾವಾದ ಹಳೇ ಕ್ಲಾಸ್ 1582ರ ಅಕ್ಟೋಬರ್‌ನಲ್ಲಿ ಜೂಲಿಯನ್‌ಗೆ ಬದಲಾಗುತ್ತೆ. ವಿಷ್ಣುವರ್ಧನನ ಕಾಲದಲ್ಲಿ ಎರಡು ಕ್ಯಾಲೆಂಡರುಗಳಿಗೆ ಇದ್ದ ಅಂತರ ಸರಿಯಾಗಿ ಏಳು ದಿನ. ಹಾಗಾಗಿ ಪ್ರತಿಷ್ಠೆಯ ದಿನ ಪೈಥಾನ್ ಲೆಕ್ಕದಲ್ಲಿ 1117ರ ಮಾರ್ಚ್ 17. ನಾವು ಮಾರ್ಚ್ 10 ಅಂತ ಕೊಟ್ರೆ ಅದು ಪ್ರತಿಷ್ಠೆಗಿಂತ ಒಂದು ವಾರ ಹಿಂದಿನ ದಿನದಿಂದ ಎಣಿಸುತ್ತೆ. ಸರಿ ಉತ್ತರ 3,28,712.

ಇಲ್ಲೇ ನೋಡಿ ಅಸಲಿ ತಮಾಷೆ ಇರೋದು. ಶಾಸನದ ತಾರೀಖು ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋಕೆ ವಿದ್ವಾಂಸರು ತುಂಬಾ ನಂಬೋದು ವಾರವನ್ನ. ಶಾಸನದಲ್ಲಿ ಸೋಮವಾರ ಅಂತಿದ್ದು ಲೆಕ್ಕದಲ್ಲಿ ಬುಧವಾರ ಬಂದ್ರೆ ಎಲ್ಲೋ ತಪ್ಪಾಗಿದೆ ಅಂತ ತಕ್ಷಣ ಗೊತ್ತಾಗುತ್ತೆ. ಆದ್ರೆ ಇಲ್ಲಿರೋ ತಪ್ಪು ಏಳು ದಿನದ್ದು, ವಾರಕ್ಕೂ ಏಳೇ ದಿನ. ಜೂಲಿಯನ್ ಮಾರ್ಚ್ 10 ಶನಿವಾರ. ಪೈಥಾನ್‌ಗೆ 1117ರ ಮಾರ್ಚ್ 10 ಯಾವ ವಾರ ಅಂತ ಕೇಳಿದ್ರೆ ಅದೂ ಶನಿವಾರ ಅನ್ನುತ್ತೆ! ಪರೀಕ್ಷೆ ಪಾಸ್, ಉತ್ತರ ತಪ್ಪು.

ಇದು ಬೇಲೂರು ಒಂದರದ್ದೇ ಕಥೆ ಅಲ್ಲ. ಎರಡು ಕ್ಯಾಲೆಂಡರುಗಳ ನಡುವೆ ಏಳು ದಿನದ ಅಂತರ ಇದ್ದದ್ದು 1100ರ ಮಾರ್ಚ್‌ನಿಂದ 1300ರ ಫೆಬ್ರವರಿವರೆಗೆ. ಆ ಇನ್ನೂರು ವರ್ಷ ಅಂದ್ರೆ ಹೊಯ್ಸಳರ ವೈಭವದ ಕಾಲ. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಅರಸೀಕೆರೆಯ ಈಶ್ವರ ದೇವಸ್ಥಾನ 1220ರ ಸುಮಾರಿನದು. ಸೋಮನಾಥಪುರದ ಕೇಶವ ದೇವಸ್ಥಾನ 1258. ಎಲ್ಲವೂ ಆ ಇನ್ನೂರು ವರ್ಷದ ಒಳಗೇ ಬರ್ತವೆ. ಅಂದ್ರೆ ವಾರದ ಪರೀಕ್ಷೆ ಕುರುಡಾಗೋ ಕಾಲದಲ್ಲೇ ನಮ್ಮ ಅತಿ ಹೆಚ್ಚು ಪ್ರಸಿದ್ಧ ದೇವಸ್ಥಾನಗಳು ಎದ್ದು ನಿಂತಿವೆ. 1311ರ ಫೆಬ್ರವರಿಯಲ್ಲಿ ಮಲಿಕ್ ಕಾಫೂರನ ಸೈನ್ಯ ದ್ವಾರಸಮುದ್ರಕ್ಕೆ, ಅಂದ್ರೆ ಈಗಿನ ಹಳೇಬೀಡಿಗೆ ಬರೋ ಹೊತ್ತಿಗೆ ಅಂತರ ಎಂಟು ದಿನ ಆಗಿತ್ತು. ಅಲ್ಲಿ ತಪ್ಪು ಮಾಡಿದ್ರೆ ವಾರ ಒಂದು ದಿನ ಆಚೀಚೆ ಆಗಿ ಸಿಕ್ಕಿಬೀಳ್ತೀವಿ.

ಹಾಗಾದ್ರೆ ಪರಿಹಾರ ಏನು? ತಾರೀಖುಗಳನ್ನ ನೇರವಾಗಿ ಕಳೆಯಬಾರದು. ಮೊದಲು ಎರಡನ್ನೂ ಒಂದೇ ಎಣಿಕೆಗೆ ತರಬೇಕು. ಯಾವುದಾದ್ರೂ ಒಂದು ದಿನವನ್ನ ಸೊನ್ನೆ ಅಂತ ಇಟ್ಕೊಂಡು ಅಲ್ಲಿಂದ ಎಷ್ಟನೇ ದಿನ ಅಂತ ನೋಡಬೇಕು. ಆಮೇಲೆ ಕಳೆಯೋದು ಬರೀ ಎರಡು ಸಂಖ್ಯೆಗಳ ವ್ಯವಕಲನ.

ಇದು ಕಂಪ್ಯೂಟರಿನವರು ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ಜ್ಯೋತಿಷಿಗಳು ಇದನ್ನ ಅಹರ್ಗಣ ಅಂತ ಕರೀತಿದ್ರು. ಅಹಸ್ ಅಂದ್ರೆ ದಿನ, ಗಣ ಅಂದ್ರೆ ಸಮೂಹ. ಕಲಿಯುಗ ಶುರುವಾಯ್ತು ಅಂತ ಅವರು ಇಟ್ಕೊಂಡ ದಿನ ಸೊನ್ನೆ. ಅದು ಜೂಲಿಯನ್ ಲೆಕ್ಕದಲ್ಲಿ ಕ್ರಿಸ್ತಪೂರ್ವ 3102ರ ಫೆಬ್ರವರಿ 18, ಶುಕ್ರವಾರ. ಅಲ್ಲಿಂದ ಬೇಲೂರಿನ ಪ್ರತಿಷ್ಠೆಗೆ 15,40,645 ದಿನ. ಏಳರಿಂದ ಭಾಗಿಸಿ ನೋಡಿ, ಶೇಷ 1. ಶುಕ್ರವಾರದಿಂದ ಒಂದು ದಿನ ಮುಂದೆ ಹೋದ್ರೆ ಶನಿವಾರ. ತಾಳೆಯಾಯ್ತು. ಇದೇ ಸಂಖ್ಯೆಗೆ 3,28,712 ಕೂಡಿಸಿದ್ರೆ 18,69,357. ಏಳರಿಂದ ಭಾಗಿಸಿದ್ರೆ ಶೇಷ ಸೊನ್ನೆ, ಅಂದ್ರೆ ಶುಕ್ರವಾರ. 2017ರ ಮಾರ್ಚ್ 10 ಯಾವ ವಾರ ಅಂತ ನಿಮ್ಮ ಫೋನಿನ ಕ್ಯಾಲೆಂಡರಿನಲ್ಲೇ ನೋಡ್ಕೊಳ್ಳಿ.

ಇಷ್ಟು ದೊಡ್ಡ ಸಂಖ್ಯೆಗಳನ್ನ ದಿನಾ ಗುಣಿಸಿ ಭಾಗಿಸೋದು ಕಷ್ಟ ಅಂತ ಕರಣ ಗ್ರಂಥಗಳನ್ನ ಬರೆದವರು ಸೊನ್ನೆಯನ್ನ ತಮ್ಮ ಕಾಲದ ಹತ್ತಿರಕ್ಕೆ ತಂದುಕೊಂಡ್ರು. ಬೇಲೂರಿನ ಪ್ರತಿಷ್ಠೆಯ ಸಮಯಕ್ಕೆ ಮೂರು ವರ್ಷದ ಮಗುವಾಗಿದ್ದ ಎರಡನೇ ಭಾಸ್ಕರಾಚಾರ್ಯ ಮುಂದೆ ಕರಣಕುತೂಹಲ ಬರೆದಾಗ ಶಕ 1105, ಅಂದ್ರೆ 1183ರಿಂದ ಎಣಿಕೆ ಶುರು ಮಾಡಿದ. ಯುನಿಕ್ಸ್ ಕಟ್ಟಿದವರೂ ಇದನ್ನೇ ಮಾಡಿದ್ರು. ಅವರ ಸೊನ್ನೆ 1970ರ ಜನವರಿ 1, ಎಣಿಸೋದು ಸೆಕೆಂಡುಗಳನ್ನ. ಸಂಖ್ಯೆ ಇಡೋಕೆ 32 ಬಿಟ್ ಜಾಗ ಮಾತ್ರ ಇರೋ ಹಳೇ ಯಂತ್ರಗಳಲ್ಲಿ ಈ ಎಣಿಕೆ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತೆ. ಕಾರಣ ಬೇರೆ, ಉಪಾಯ ಒಂದೇ.

ಇಲ್ಲಿವರೆಗೂ ದಿನದ ಮಾತಾಯ್ತು. ತಿಂಗಳು, ವರ್ಷ ಬಂದ್ರೆ ಇನ್ನೊಂದು ತೊಡಕು. ದಿನ ಅನ್ನೋದು ಒಂದು ಅಳತೆ. ತಿಂಗಳು ಅಳತೆಯೇ ಅಲ್ಲ. ಅದು 28 ದಿನವೂ ಆಗಬಹುದು, 31 ದಿನವೂ ಆಗಬಹುದು. ಪೈಥಾನ್‌ನಲ್ಲಿ ಅವಧಿಗೆ ಟೈಮ್‌ಡೆಲ್ಟಾ ಅಂತ ಒಂದು ವಸ್ತು ಇದೆ. ಅದಕ್ಕೆ ವಾರ, ದಿನ, ಗಂಟೆ, ನಿಮಿಷ ಕೊಡಬಹುದು. ತಿಂಗಳು, ವರ್ಷ ಕೊಡೋಕೆ ಆಗಲ್ಲ, ಬೇಕಂತಲೇ ಇಟ್ಟಿಲ್ಲ.

ಬಿ.ಕಾಂ. ಓದಿದವರಿಗೆ ಇದು ಹಳೇ ಪರಿಚಯ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 23ನೇ ಕಲಮು ಈ ಸಮಸ್ಯೆಯನ್ನೇ ಬಿಡಿಸುತ್ತೆ. ಆಗಸ್ಟ್ 31ರ ಹುಂಡಿ ಮೂರು ತಿಂಗಳಿಗೆ ಬಾಕಿಯಾದ್ರೆ ಯಾವತ್ತು ದುಡ್ಡು ಕೊಡಬೇಕು? ನವೆಂಬರ್ 31 ಅನ್ನೋ ದಿನವೇ ಇಲ್ಲ. ಆ ತಿಂಗಳ ಕೊನೇ ದಿನ ತಗೊಳ್ಳಿ ಅನ್ನುತ್ತೆ ಕಾಯ್ದೆ, ನವೆಂಬರ್ 30. ಅದಕ್ಕೆ ಮೂರು ದಿನದ ರಿಯಾಯಿತಿ ಸೇರಿಸಿ ಡಿಸೆಂಬರ್ 3. ಆಗಸ್ಟ್ 30ರ ಹುಂಡಿಗೂ ಡಿಸೆಂಬರ್ 3ಕ್ಕೇ ಗಡುವು. ಎರಡು ಬೇರೆ ದಿನದ ಹುಂಡಿ, ಗಡುವು ಒಂದೇ. ಅಂದ್ರೆ ಮೂರು ತಿಂಗಳು ಕೂಡಿಸಿ, ಮತ್ತೆ ಮೂರು ತಿಂಗಳು ಕಳೆದ್ರೆ ಹೊರಟ ಜಾಗಕ್ಕೇ ವಾಪಸ್ ಬರ್ತೀವಿ ಅನ್ನೋ ಖಾತ್ರಿ ಇಲ್ಲ. ಇವತ್ತಿಗೂ ಜಾವಾದ ಹೊಸ ಲೈಬ್ರರಿ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದ್ರೆ ಕಾಯ್ದೆಯ ಹಾಗೆ ಫೆಬ್ರವರಿ ಕೊನೇ ದಿನ ಕೊಡುತ್ತೆ. ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳ ಸಂಖ್ಯೆ ಒಂದು ಏರಿಸಿದ್ರೆ ಸಾಮಾನ್ಯ ವರ್ಷದಲ್ಲಿ ಮಾರ್ಚ್ 3ಕ್ಕೆ ಹಾರುತ್ತೆ. ಯಾವುದನ್ನೂ ತಪ್ಪು ಅನ್ನೋಕಾಗಲ್ಲ. ಆದ್ರೆ ಬಡ್ಡಿ ಲೆಕ್ಕ ಹಾಕೋ ಆಪ್‌ನಲ್ಲಿ ಯಾವ ನಿಯಮ ಇದೆ ಅಂತ ಸಾಲ ತಗೊಂಡವರಿಗೆ ಗೊತ್ತಿರಬೇಕು.

ವರ್ಷದ ಗತಿಯೂ ಇದೇ. ಬೇಲೂರಿಗೆ 900 ತುಂಬಿದ್ದು ಯಾವತ್ತು? ತಾರೀಖಿನ ಹೆಸರು ನೋಡಿದ್ರೆ 2017ರ ಮಾರ್ಚ್ 10. ಸೂರ್ಯನ ಪ್ರಕಾರ ಋತುಚಕ್ರ 900 ಸಲ ಪೂರ್ತಿಯಾದದ್ದು ಮಾರ್ಚ್ 16-17ರ ಸುಮಾರಿಗೆ. ಪಂಚಾಂಗದ ಪ್ರಕಾರ? ಮಾರ್ಚ್ 10ಕ್ಕೆ ಇನ್ನೂ ದುರ್ಮುಖಿಯೇ ನಡೀತಿತ್ತು. ಯುಗಾದಿ ಬಂದದ್ದು ಮಾರ್ಚ್ 29ಕ್ಕೆ, ಹಾಗಾಗಿ ಚೈತ್ರ ಶುದ್ಧ ಪಂಚಮಿ ಏಪ್ರಿಲ್ ಆರಂಭಕ್ಕೆ ಹೋಯ್ತು. ಪಂಚಾಂಗದ ವರ್ಷ ನಕ್ಷತ್ರಗಳನ್ನ ಹಿಡಿದು ನಡೆಯೋದು. ಅದು ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಆ 20 ನಿಮಿಷವೇ 900 ವರ್ಷದಲ್ಲಿ ಹನ್ನೆರಡು ದಿನಕ್ಕಿಂತ ಜಾಸ್ತಿ ಆಗಿದೆ, ಉಳಿದದ್ದು ಚಂದ್ರನ ಲೆಕ್ಕ. ಇನ್ನು ಹಿಜರಿ ವರ್ಷ ಸುಮಾರು 354 ದಿನದ್ದು. ಮಲಿಕ್ ಕಾಫೂರ್ ಹಳೇಬೀಡಿಗೆ ಬಂದದ್ದು ಹಿಜರಿ 710ರಲ್ಲಿ. 2024ರ ಫೆಬ್ರವರಿಗೆ ನಮ್ಮ ಲೆಕ್ಕದಲ್ಲಿ 713 ವರ್ಷ, ಹಿಜರಿ ಲೆಕ್ಕದಲ್ಲಿ ಹೆಚ್ಚುಕಡಿಮೆ 735. ಕಳೆದ ಕಾಲ ಒಂದೇ, ವರ್ಷ ಮಾತ್ರ 22 ಜಾಸ್ತಿ.

ಇದೆಲ್ಲ ಶಾಸನದ ಕಾಲದ್ದು, ಈಗ ಗಡಿಯಾರ ಇದೆಯಲ್ಲ ಅಂತೀರಾ? ಅರಸೀಕೆರೆ ಜಂಕ್ಷನ್‌ಗೆ ಬನ್ನಿ. ಪ್ಲಾಟ್‌ಫಾರಂ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಅಲ್ಲಿ ಸೂರ್ಯ ಇನ್ನೂ ನೆತ್ತಿಗೆ ಬಂದಿರಲ್ಲ. ಭಾರತೀಯ ಪ್ರಮಾಣ ಸಮಯ 82.5 ಡಿಗ್ರಿ ರೇಖಾಂಶದ್ದು, ಅರಸೀಕೆರೆ ಇರೋದು 76 ಡಿಗ್ರಿ ಚಿಲ್ಲರೆಯಲ್ಲಿ. ಸರಾಸರಿ 25 ನಿಮಿಷದ ಅಂತರ. ಅದು ಪರವಾಗಿಲ್ಲ, ಯಾವಾಗ್ಲೂ ಒಂದೇ ಅಂತರ ಆದ್ರಿಂದ ಕಳೆಯುವಾಗ ಹೊಡೆದು ಹೋಗುತ್ತೆ. ತೊಂದರೆ ಆಗೋದು ಗಡಿಯಾರವೇ ಮಧ್ಯದಲ್ಲಿ ಬದಲಾದಾಗ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರಗಳನ್ನ ಒಂದು ಗಂಟೆ ಮುಂದಿಟ್ಟಿದ್ರು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಹಾಗೇ ಇತ್ತು. 1945ರ ಅಕ್ಟೋಬರ್ 14ರ ರಾತ್ರಿ ಹತ್ತಕ್ಕೆ ಅರಸೀಕೆರೆಯಲ್ಲಿ ಒಂದು ರೈಲು ಹೊರಟು, ಮಾರನೇ ಬೆಳಗ್ಗೆ ಆರಕ್ಕೆ ಎಲ್ಲೋ ಇಳೀತು ಅಂದ್ಕೊಳ್ಳಿ. ಗಡಿಯಾರ ನೋಡಿ ಕಳೆದ್ರೆ ಎಂಟು ಗಂಟೆ. ಪ್ರಯಾಣಿಕರು ಕೂತಿದ್ದು ಒಂಬತ್ತು ಗಂಟೆ. ನಿಮ್ಮ ಫೋನಿನೊಳಗೆ ಏಷ್ಯಾ/ಕೋಲ್ಕತಾ ಅನ್ನೋ ಹೆಸರಿನಲ್ಲಿ ಈ ಇತಿಹಾಸವೆಲ್ಲ ದಾಖಲಾಗಿದೆ. ಎರಡು ಸಮಯವನ್ನೂ ಒಂದೇ ಜಾಗತಿಕ ಎಣಿಕೆಗೆ ತಂದು ಕಳೆದ್ರೆ ಒಂಬತ್ತು ಬರುತ್ತೆ, ಹಾಗೇ ಕಳೆದ್ರೆ ಎಂಟು. ಬೇಲೂರಿನಲ್ಲಿ ಏಳು ದಿನ ತಪ್ಪಿಸಿದ ಕಾರಣವೇ ಇಲ್ಲಿ ಒಂದು ಗಂಟೆ ತಪ್ಪಿಸುತ್ತೆ.

ಇದರಿಂದ ಯಾರಿಗೆ ಏನು ನಷ್ಟ ಅಂತ ಕೇಳಬಹುದು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇನ್ಮೇಲೆ ಈ ದೇವಸ್ಥಾನಗಳ ಶಾಸನಗಳನ್ನ ಪುಸ್ತಕಕ್ಕಿಂತ ಹೆಚ್ಚಾಗಿ ಆಪ್‌ಗಳಲ್ಲಿ, ಡೇಟಾಬೇಸ್‌ಗಳಲ್ಲಿ ಓದ್ತೀವಿ. ಡೇಟಾಬೇಸಿನ ಒಂದು ಕಾಲಂನಲ್ಲಿ ಬರೀ ತಾರೀಖು ತುಂಬಿಸಿಟ್ರೆ, ಮುಂದೆ ಅದನ್ನ ಹಿಡ್ಕೊಂಡು ಗ್ರಹಣ ಹುಡುಕೋರು, ಹುಣ್ಣಿಮೆ ಹುಡುಕೋರು ಏಳು ದಿನ ಆಚೆ ಹುಡುಕ್ತಾರೆ. ವಾರ ತಾಳೆಯಾಗುತ್ತೆ, ಗ್ರಹಣ ಸಿಗಲ್ಲ. ಆಗ ಶಾಸನವೇ ಸುಳ್ಳು ಅಂತ ತೀರ್ಮಾನ ಮಾಡೋರೂ ಹುಟ್ಕೊಳ್ತಾರೆ. ಕಲ್ಲಿನ ಮೇಲೆ ಸರಿಯಾಗೇ ಕೆತ್ತಿದ ಮಾತಿಗೆ ನಮ್ಮ ಕಾಲದಲ್ಲಿ ಅಂಟೋ ಕಳಂಕ ಅದು.

ಅಕೌಂಟ್ಸ್ ಪುಸ್ತಕದಲ್ಲಿ ಬರೀ 500 ಅಂತ ಬರೆದ್ರೆ ಯಾರೂ ಒಪ್ಪಲ್ಲ. ರೂಪಾಯಿಯೋ ಡಾಲರೋ ಅಂತ ಕೇಳ್ತಾರೆ. ಬರೀ 1117ರ ಮಾರ್ಚ್ 10 ಅಂತ ಬರೆಯೋದೂ ಅಷ್ಟೇ ಅರ್ಧಂಬರ್ಧ. ಯಾವ ಕ್ಯಾಲೆಂಡರ್ ಅಂತಲೂ ಬರೀಬೇಕು. ಸಾಧ್ಯವಾದ್ರೆ ಪಕ್ಕದಲ್ಲಿ ಶಾಸನದ ಮೂಲ ಮಾತನ್ನೂ ಇಡಬೇಕು: ಶಕ 1039, ಹೇವಿಳಂಬಿ, ಚೈತ್ರ ಶುದ್ಧ ಪಂಚಮಿ. ಒಂಬೈನೂರು ವರ್ಷದ ಹಿಂದೆ ಕಲ್ಲಿಗೆ ಉಳಿ ಇಟ್ಟವರು ಒಂದು ದಿನಕ್ಕೆ ಮೂರು ಗುರುತು ಬಿಟ್ಟು ಹೋಗಿದ್ದಾರೆ. ನಾವು ಡೇಟಾಬೇಸ್ ಮಾಡೋವಾಗ ಜಾಗ ಉಳಿಸೋಕೆ ಅಂತ ಒಂದನ್ನೇ ಇಟ್ಕೊಂಡು ಉಳಿದೆರಡನ್ನ ಎಸೆಯೋದು ಬೇಡ.

ಇದು ಇವತ್ತಿನ ಸಂಚಿಕೆ. ಪ್ರೋಗ್ರಾಮಿಂಗ್ ಕಲೀತಿರೋರು ಇದ್ರೆ ಒಂದು ಕೆಲಸ ಮಾಡಿ. ನಿಮ್ಮೂರಿನ ದೇವಸ್ಥಾನದ ಶಾಸನದಲ್ಲಿ ಶಕ ವರ್ಷ, ಸಂವತ್ಸರ, ತಿಥಿ, ವಾರ ಏನೇನಿದೆ ನೋಡಿ, ಅಹರ್ಗಣ ಲೆಕ್ಕ ಹಾಕಿ, ಏಳರಿಂದ ಭಾಗಿಸಿ. 1100ರಿಂದ 1300ರ ಒಳಗಿನ ಶಾಸನ ಆದ್ರೆ ವಾರ ಸರಿ ಬಂತು ಅಂತ ಅಷ್ಟಕ್ಕೇ ನಿಲ್ಲಿಸಬೇಡಿ, ಅವತ್ತು ಚಂದ್ರ ಎಲ್ಲಿದ್ದ ಅಂತಲೂ ನೋಡಿ. ಮುಂದಿನ ವಾರ ಸಿಗೋಣ.